ಕಸಿಯ ನಂತರ ರೋಗ ಮರಳುವಾಗ ಮಾತ್ರೆ ಕಡಿಮೆ ಮಾಡುವುದೇಕೆ?

ಪ್ರಶ್ನೆ: ನನ್ನ ತಮ್ಮನಿಗೆ 41 ವರ್ಷ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ಮಾತ್ರೆ ನಾಟದೆ ರೋಗ ಉಲ್ಬಣಗೊಂಡಿತ್ತು. ಬೇರೆ ಔಷಧಿಗಳಿಂದ ಹತೋಟಿಗೆ ತಂದ ಮೇಲೆ, ಎಂಟು ತಿಂಗಳ ಹಿಂದೆ ರಕ್ತ ಹುಟ್ಟಿಸುವ ನನ್ನ ಆಕರಕೋಶಗಳನ್ನು (ಸ್ಟೆಮ್ ಸೆಲ್) ಅವನಿಗೆ ಕಸಿ ಮಾಡಿದರು. ಈಗ ರಕ್ತಕಣಗಳ ಎಣಿಕೆ ಸರಿಯಿದ್ದರೂ ಈ ಕ್ಯಾನ್ಸರಿನ ಜೀನ್ ಗುರುತು ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಬಿಸಿಆರ್-ಎಬಿಎಲ್ ಪರೀಕ್ಷೆಯ ಅಂಕಿ ಎರಡು ಸಲ ಏರಿದೆ. ವೈದ್ಯರು ಸೈಕ್ಲೋಸ್ಪೋರಿನ್ ಇಳಿಸುತ್ತಿದ್ದಾರೆ. ಬೇಕಾದರೆ ನನ್ನ ಬಿಳಿ ರಕ್ತಕಣಗಳನ್ನು ಮತ್ತೆ ಪಡೆಯುವುದಾಗಿ ಹೇಳಿದ್ದಾರೆ. ರೋಗ ಮರಳುವಾಗ ಮಾತ್ರೆ ಇಳಿಸುವುದು ಸರಿಯೇ? ಅಮೃತಬಳ್ಳಿ ಕಷಾಯ ಕೊಡಬಹುದೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಸೈಕ್ಲೋಸ್ಪೋರಿನ್ ಕ್ಯಾನ್ಸರಿನ ಮಾತ್ರೆಯಲ್ಲ. ನಿಮ್ಮಿಂದ ಹೋದ ಟಿ ಕೋಶಗಳು (ರೋಗನಿರೋಧಕ ಬಿಳಿ ರಕ್ತಕಣಗಳ ಒಂದು ಬಗೆ) ತಮ್ಮನ ಚರ್ಮ, ಕರುಳು, ಯಕೃತ್ತುಗಳ ಮೇಲೆ ಎರಗದಂತೆ ತಡೆಯುವುದು ಅದರ ಕೆಲಸ. ಆದರೆ ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುವುದೂ ಅದೇ ಟಿ ಕೋಶಗಳಾದ್ದರಿಂದ, ಕಡಿವಾಣ ಬಿಗಿಯಾಗಿದ್ದಷ್ಟೂ ಆ ಕಾವಲು ಸಡಿಲವಾಗುತ್ತದೆ.

ವೈದ್ಯರು ಇದನ್ನು ಕಲಿತದ್ದು ಕಹಿ ಅನುಭವದಿಂದ. 1980ರ ದಶಕದಲ್ಲಿ ದಾನಿಯ ಮಜ್ಜೆಯಿಂದ ಟಿ ಕೋಶಗಳನ್ನು ಬೇರ್ಪಡಿಸಿ ಕಸಿ ಮಾಡಿದಾಗ ಜಿವಿಎಚ್‌ಡಿ, ಅಂದರೆ ದಾನಿಯ ಕೋಶಗಳು ರೋಗಿಯ ದೇಹಕ್ಕೇ ಮಾಡುವ ಹಾನಿ, ಕಡಿಮೆಯಾಯಿತು. ಆದರೆ ಮರುಕಳಿಕೆ ಹೆಚ್ಚಿತು, ಅದರಲ್ಲೂ ನಿಮ್ಮ ತಮ್ಮನಿಗಿರುವ ಈ ಬಗೆಯಲ್ಲಿ ಬಹಳವಾಗಿ. 1990ರಲ್ಲಿ ಜರ್ಮನಿಯ ಮ್ಯೂನಿಕ್‌ನ ಕೋಲ್ಬ್ ಮತ್ತು ಸಂಗಡಿಗರು, ಕಸಿಯ ನಂತರ ರೋಗ ಮರುಕಳಿಸಿದ್ದ ಮೂವರಿಗೆ ದಾನಿಯ ಬಿಳಿ ರಕ್ತಕಣಗಳನ್ನೇ ಮತ್ತೆ ಕೊಟ್ಟು ರೋಗವನ್ನು ಹಿಮ್ಮೆಟ್ಟಿಸಿದ್ದನ್ನು ವರದಿ ಮಾಡಿದರು. ನಿಮ್ಮ ವೈದ್ಯರು ಹೇಳುತ್ತಿರುವುದು ಇದೇ ಚಿಕಿತ್ಸೆ.

ಇದಕ್ಕಾಗಿ ನಿಮಗೆ ಅರಿವಳಿಕೆ ಬೇಡ. ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕಣಗಳನ್ನು ಬಿಟ್ಟು ಮರಳಿ ಬರುತ್ತದೆ. ತಮ್ಮನಿಗೆ ಮೊದಲು ಸಣ್ಣ ಪ್ರಮಾಣ ಕೊಟ್ಟು, ವಾರಗಟ್ಟಲೆ ಕಾದು, ಸಾಲದಿದ್ದರೆ ಮಾತ್ರ ಹೆಚ್ಚಿಸುತ್ತಾರೆ. ಒಮ್ಮೆಲೇ ಹೆಚ್ಚು ಕೊಟ್ಟರೆ ಜಿವಿಎಚ್‌ಡಿ ತೀವ್ರವಾಗಬಹುದು. ಪರಿಣಾಮ ಕಾಣಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ ಅವಸರದಿಂದ ಪ್ರಯೋಜನವಿಲ್ಲ. ಎಣಿಕೆ ಕೆಡುವ ಮೊದಲೇ, ಅಂಕಿಯಷ್ಟೇ ಏರಿರುವ ಹಂತದಲ್ಲಿ ಕೊಟ್ಟಾಗ ಹೆಚ್ಚಿನವರಲ್ಲಿ ಇದು ಫಲಿಸುತ್ತದೆ; ರೋಗ ಮತ್ತೆ ಉಲ್ಬಣಿಸಿದ ಮೇಲೆ ಫಲ ತೀರಾ ಕಡಿಮೆ. ಆದ್ದರಿಂದ ಆ ಪರೀಕ್ಷೆಯನ್ನು ತಪ್ಪಿಸಬೇಡಿ, ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ.

ನಿಮ್ಮ ತಮ್ಮನ ರೋಗ ಹಿಂದೆ ಉಲ್ಬಣಿಸಿದ್ದರಿಂದ ನಾನಾಗಿದ್ದರೆ ಬಿಳಿ ಕಣಗಳನ್ನಷ್ಟೇ ನೆಚ್ಚಿಕೊಳ್ಳದೆ, ಕ್ಯಾನ್ಸರಿಗೇ ಕೊಡುವ ಸೂಕ್ತ ಮಾತ್ರೆಯನ್ನೂ ಜೊತೆಗೆ ಕೊಡುವ ಬಗ್ಗೆ ಯೋಚಿಸುತ್ತಿದ್ದೆ. ಯಾವ ಮಾತ್ರೆ ಎಂಬುದನ್ನು ಕ್ಯಾನ್ಸರ್ ಕೋಶಗಳ ಜೀನ್ ರೂಪಾಂತರದ (ಮ್ಯುಟೇಷನ್) ವರದಿ ನಿರ್ಧರಿಸುತ್ತದೆ: ಟಿ315ಐ ಎಂಬ ರೂಪಾಂತರವಿದ್ದರೆ ಇಮ್ಯಾಟಿನಿಬ್, ಡಾಸಾಟಿನಿಬ್, ನಿಲೋಟಿನಿಬ್ ಮೂರೂ ನಾಟುವುದಿಲ್ಲ, ಪೊನಾಟಿನಿಬ್‌ನಂಥದ್ದು ಬೇಕಾಗುತ್ತದೆ. ಹಳೆಯ ವರದಿ ಮನೆಯಲ್ಲಿದ್ದರೆ ಮುಂದಿನ ಭೇಟಿಗೆ ಒಯ್ಯಿರಿ.

ಸೈಕ್ಲೋಸ್ಪೋರಿನ್ ಇಳಿಯುತ್ತಿರುವಾಗ ಮೈಮೇಲೆ ಕೆಂಪು ದದ್ದು, ಭೇದಿ, ಕಣ್ಣು ಹಳದಿಯಾಗುವುದು, ಬಾಯಿಹುಣ್ಣು ಕಂಡರೆ ಅದೇ ದಿನ ಆಸ್ಪತ್ರೆಗೆ ತಿಳಿಸಿ. ಮಾತ್ರೆಯನ್ನು ನೀವಾಗಿ ಹೆಚ್ಚಿಸಲೂ ಬೇಡಿ, ನಿಲ್ಲಿಸಲೂ ಬೇಡಿ. ಅಮೃತಬಳ್ಳಿ ಕಷಾಯ ಖಂಡಿತ ಬೇಡ. ಅದನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಮೇಲಾಗಿ ತಮ್ಮನಿಗೆ ಕಾಮಾಲೆ ಬಂದರೆ ಅದು ಕಷಾಯದಿಂದಲೋ ಜಿವಿಎಚ್‌ಡಿಯಿಂದಲೋ ಎಂದು ಹೇಳುವುದು ಕಷ್ಟವಾಗುತ್ತದೆ.