ಕಪ್ಪೆ ಕಾಲು ತಿಂದವರು ಇದ್ದೀರಾ? ರುಚಿ ಹೇಗಿರುತ್ತದೆ? ಗೋವಾದಲ್ಲಿ ಸಿಗುತ್ತದಾ?

ತಿಂದಿದ್ದೇನೆ. ಆದರೆ ಗೋವಾದಲ್ಲಿ ಅಲ್ಲ, ಫ್ರಾನ್ಸಿನಲ್ಲಿ. ನೀವು ಮಳೆಗಾಲದಲ್ಲಿ ಗೆಳೆಯರ ಜೊತೆ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಹೋಗಿ ಕಪ್ಪೆ ಕಾಲಿನ ರುಚಿ ನೋಡಬೇಕು ಅಂತಿದ್ದೀರಿ. ಮನೆಯಲ್ಲಿ ಗೊತ್ತಾದರೆ ಏನಂತಾರೆ ಅಂತಲೂ ಕೇಳಿದ್ದೀರಿ. ಮೊದಲು ರುಚಿಯ ವಿಷಯ ಹೇಳುತ್ತೇನೆ, ಗೋವಾ ವಿಷಯ ಆಮೇಲೆ. ಅದು ಸ್ವಲ್ಪ ಉದ್ದ ಇದೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡುವವನು. ಹೊಸ ಮಷಿನ್ ಬರುವ ಮುಂಚೆ ಟ್ರೇನಿಂಗ್‌ಗೆ ಅಂತ ಕಂಪನಿಯವರು ಲಿಯೋನ್ ಹತ್ತಿರ ಕಳಿಸಿದ್ದರು. ಲಿಯೋನ್‌ನಿಂದ ಈಶಾನ್ಯಕ್ಕೆ ದೋಂಬ್ ಅನ್ನುವ ಸೀಮೆ ಇದೆ. ಎಲ್ಲಿ ನೋಡಿದರೂ ಕೆರೆ. ಅಲ್ಲಿ ಕಪ್ಪೆ ಕಾಲು ಅಂದರೆ ನಮ್ಮ ಕಡೆ ಸಾವಜಿ ಮಟನ್ ಇದ್ದ ಹಾಗೆ, ಹೊರಗಿನಿಂದ ಬಂದವರಿಗೆ ತಿನ್ನಿಸದೆ ಕಳಿಸುವುದಿಲ್ಲ. ಟ್ರೇನಿಂಗ್ ಕೊಡುತ್ತಿದ್ದ ಹಿರಿಯರು ಶನಿವಾರ ಮಧ್ಯಾಹ್ನ ನಮ್ಮನ್ನೆಲ್ಲ ಕರೆದುಕೊಂಡು ಹೋದರು.

ಹುರಿದ ಬಾಣಲೆಯನ್ನೇ ಎತ್ತಿ ತಂದು ಟೇಬಲ್ ಮೇಲಿಟ್ಟರು. ಬೆಣ್ಣೆ ಇನ್ನೂ ನೊರೆ ಬಿಡುತ್ತಿತ್ತು. ಒಳಗೆ ಕಾಲುಗಳು ಜೋಡಿ ಜೋಡಿಯಾಗಿ, ಸೊಂಟದ ಹತ್ತಿರ ಕೂಡಿಕೊಂಡೇ ಇದ್ದವು. ನನಗೆ ಕಷ್ಟವಾಗಿದ್ದು ಇದೇ. ಕೋಳಿ ತೊಡೆ ನೋಡಿದರೆ ಕೋಳಿ ನೆನಪಾಗುವುದಿಲ್ಲ. ಇಲ್ಲಿ ತೊಡೆ, ಮೊಣಕಾಲು, ಮೀನಖಂಡ ಎಲ್ಲ ಬೇರೆ ಬೇರೆ ಕಾಣುತ್ತವೆ, ಈಗಷ್ಟೇ ಜಿಗಿಯುವುದು ಬಿಟ್ಟು ಮಲಗಿದೆ ಅನ್ನಿಸುತ್ತದೆ. ಚಮಚ, ಫೋರ್ಕ್ ಏನೂ ಬೇಡ. ಕೈಯಲ್ಲೇ ಹಿಡಿದು ಎರಡು ಕಾಲು ಬಿಡಿಸಿ, ಎಲುಬು ಚೀಪಿ ಪಕ್ಕಕ್ಕಿಡುವುದು. ಎಲುಬು ಬೆಂಕಿಕಡ್ಡಿಯಷ್ಟೇ ದಪ್ಪ. ಕೈ ತೊಳೆಯಲು ಬಟ್ಟಲಲ್ಲಿ ನಿಂಬೆಹಣ್ಣು ಹಾಕಿದ ನೀರು ಕೊಟ್ಟರು.

ಎಲ್ಲರೂ ಕೋಳಿ ಥರ ಇರುತ್ತದೆ ಅಂತಾರೆ. ಅರ್ಧ ನಿಜ. ಮಾಂಸ ಬೆಳ್ಳಗೆ, ಕೋಳಿಯದರ ಹಾಗೇ ಕಾಣುತ್ತದೆ. ಬಾಯಲ್ಲಿಟ್ಟರೆ ಸಿಹಿನೀರಿನ ಮೀನಿನ ಹಾಗೆ ಮೆತ್ತಗೆ ಬಿಟ್ಟುಕೊಳ್ಳುತ್ತದೆ. ವಾಸನೆ ಇಲ್ಲ, ಜಿಡ್ಡೂ ಇಲ್ಲ. ಸ್ವಂತ ರುಚಿ ಅನ್ನುವುದು ಬಹಳ ಕಮ್ಮಿ. ಅಡುಗೆಯೂ ಸಾದಾ: ಸ್ವಲ್ಪ ಹೊತ್ತು ಹಾಲಲ್ಲಿ ನೆನೆಸಿ, ಒರೆಸಿ, ಮೈದಾ ಸವರಿ, ಬೆಣ್ಣೆಯಲ್ಲಿ ಕೆಂಪಗೆ ಹುರಿಯುತ್ತಾರೆ. ಇಳಿಸುವಾಗ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು. ಖಾರದ ಸುದ್ದಿಯೇ ಇಲ್ಲ. ಅಷ್ಟು ಬೆಣ್ಣೆ, ಅಷ್ಟು ಬೆಳ್ಳುಳ್ಳಿಯಲ್ಲಿ ಹುರಿದರೆ ಪನೀರೂ ಚೆನ್ನಾಗೇ ಇರುತ್ತದೆ, ಅಲ್ವಾ? ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಇದಕ್ಕೋಸ್ಕರ ಗಾಡಿ ಕಟ್ಟಿಕೊಂಡು ಹೋಗುವಂಥದ್ದಲ್ಲ.

ಉಪ್ಪು ಹಾಕಿದರೆ ಕಾಲು ಕುಣಿಯುವ ವಿಡಿಯೋ ನೀವೂ ನೋಡಿರಬಹುದು. ಅದು ನಿಜ, ದೆವ್ವ-ಗಿವ್ವ ಏನಿಲ್ಲ. ಈಗಷ್ಟೇ ಕತ್ತರಿಸಿದ ಕಾಲಿನ ನರ, ಸ್ನಾಯುಗಳಲ್ಲಿ ಇನ್ನೂ ಸ್ವಲ್ಪ ಕಸುವು ಉಳಿದಿರುತ್ತದೆ, ಉಪ್ಪಿನ ಸೋಡಿಯಂ ತಗಲಿದರೆ ಅವು ಸೆಳೆದುಕೊಳ್ಳುತ್ತವೆ. 1780ರ ದಶಕದಲ್ಲಿ ಇಟಲಿಯ ಗಾಲ್ವಾನಿ ಕಪ್ಪೆ ಕಾಲು ಹೀಗೆ ಅದುರುವುದನ್ನು ನೋಡಿಯೇ ಕರೆಂಟಿನ ಬೆನ್ನು ಹತ್ತಿದ್ದು. ಅದರ ಮೇಲೆ ವಾದ ಮಾಡುತ್ತ ಮಾಡುತ್ತ ವೋಲ್ಟಾ 1800ರಲ್ಲಿ ಬ್ಯಾಟರಿ ಮಾಡಿದ. ಹೋಟೆಲಿನ ಫ್ರೀಜರ್‌ನಿಂದ ಬಂದ ಕಾಲು ಕುಣಿಯಲ್ಲ ಬಿಡಿ.

ಫ್ರೀಜರ್ ಅಂದೆನಲ್ಲ, ವಿಷಯ ಅಲ್ಲೇ ಇದೆ. ಸುತ್ತ ಇಷ್ಟು ಕೆರೆ ಇವೆ, ಕಪ್ಪೆ ಇಲ್ಲಿಯದೇನಾ ಅಂತ ಆ ಹಿರಿಯರನ್ನು ಕೇಳಿದೆ. ಅವರು ನಕ್ಕುಬಿಟ್ಟರು. ಅವರ ದೇಶದಲ್ಲಿ ಕಾಡು ಕಪ್ಪೆ ಹಿಡಿದು ವ್ಯಾಪಾರ ಮಾಡುವುದನ್ನು 1980ರಲ್ಲೇ ನಿಲ್ಲಿಸಿದ್ದಾರೆ. ಈಗ ಜಾಸ್ತಿ ಬರುವುದು ಇಂಡೋನೇಷ್ಯಾದಿಂದ, ಐಸ್ ಕಟ್ಟಿದ ಡಬ್ಬಿಯಲ್ಲಿ. ಅದಕ್ಕೂ ಮುಂಚೆ ಎಲ್ಲಿಂದ ಬರುತ್ತಿತ್ತು ಗೊತ್ತಾ? ನಮ್ಮ ದೇಶದಿಂದ. 1981ರ ಒಂದೇ ವರ್ಷ ಭಾರತದಿಂದ 4,000 ಟನ್‌ಗಿಂತ ಜಾಸ್ತಿ ಕಪ್ಪೆ ಕಾಲು ಹೊರಗೆ ಹೋಗಿದೆ. ಬರೀ ಹಿಂಗಾಲಿನ ತೂಕ ಅದು, ಉಳಿದದ್ದು ಕಸ. ಎಷ್ಟೋ ಕಡೆ ಜೀವ ಇರುವಾಗಲೇ ಕಾಲು ಕತ್ತರಿಸುತ್ತಿದ್ದರು. ಗದ್ದೆಯಲ್ಲಿ ಹುಳ ತಿನ್ನುವ ಕಪ್ಪೆ ಖಾಲಿಯಾಗುತ್ತಿದೆ ಅಂತ ಕೂಗು ಎದ್ದಿತು. 1985ರಲ್ಲಿ ಹೀಗೆ ಹಿಡಿಯುತ್ತಿದ್ದ ಕಪ್ಪೆಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿತ್ತು. 1987ರಲ್ಲಿ ನಮ್ಮ ಸರ್ಕಾರ ರಫ್ತನ್ನೇ ನಿಲ್ಲಿಸಿತು.

ಆಗ ಹಿಡಿಯುತ್ತಿದ್ದುದರಲ್ಲಿ ಮುಖ್ಯವಾದದ್ದು ಇಂಡಿಯನ್ ಬುಲ್‌ಫ್ರಾಗ್. ನಿಮಗೆ ಗೋವಾದಲ್ಲಿ ಕೊಡುವುದೂ ಬಹುತೇಕ ಅದೇ ಕಪ್ಪೆ.

ನಮ್ಮ ಮಾಮಾಂದು ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿ ಕಡೆ ಭತ್ತದ ಗದ್ದೆ ಇದೆ. ಮಿರಗದ ಮಳೆ ಹುಯ್ದು ಬದುವಿನಲ್ಲಿ ನೀರು ನಿಂತ ಕೂಡಲೇ ಇವು ಮೇಲೆ ಬರುತ್ತವೆ. ಉಳಿದ ದಿನ ಮಣ್ಣು ಬಣ್ಣ. ಆ ಕೆಲವು ದಿನ ಗಂಡು ಕಪ್ಪೆ ಅರಿಸಿನ ಬಳಿದ ಹಾಗೆ ಹಳದಿಯಾಗುತ್ತದೆ, ಗಂಟಲಿನ ಎರಡೂ ಪಕ್ಕ ನೀಲಿ ಚೀಲ ಉಬ್ಬುತ್ತದೆ. ಅಂಗೈ ತುಂಬುವಷ್ಟು ದೊಡ್ಡದು. ರಾತ್ರಿಯೆಲ್ಲ ಕೂಗು, ಮಾತಾಡಿದರೆ ಕೇಳಿಸಲ್ಲ. ಹಿಡಿಯುವವನಿಗೆ ಇದಕ್ಕಿಂತ ಸುಲಭ ಇನ್ನೇನಿದೆ? ಕೂಗು ಕೇಳಿ ಹೋಗುವುದು, ಕಣ್ಣಿಗೆ ಬ್ಯಾಟರಿ ಬಿಡುವುದು. ಬೆಳಕಿಗೆ ಅದು ಅಲ್ಲಾಡದೆ ಕೂರುತ್ತದೆ. ಎತ್ತಿ ಗೋಣಿಚೀಲಕ್ಕೆ ಹಾಕುವುದಷ್ಟೇ. ಇನ್ನೂ ಮೊಟ್ಟೆ ಇಡದ ಹೆಣ್ಣು ಕಪ್ಪೆ ಚೀಲಕ್ಕೆ ಬಿದ್ದರೆ ಸಾವಿರಾರು ಮೊಟ್ಟೆ ಅದರ ಜೊತೆಗೇ ಹೋಯಿತು. ಮಾಮಾ ಗದ್ದೆಗೆ ಬ್ಯಾಟರಿ ಹಿಡಿದುಕೊಂಡು ಬಂದವರನ್ನು ಬೈದು ಓಡಿಸುತ್ತಾರೆ. ಅವರಿಗೆ ಪರಿಸರ ಪ್ರೇಮ ಅಂತೇನಿಲ್ಲ. ಕಪ್ಪೆ ಹುಳವನ್ನೂ ತಿನ್ನುತ್ತದೆ, ಬದು ತೂತು ಮಾಡುವ ಏಡಿಯನ್ನೂ ತಿನ್ನುತ್ತದೆ, ಅದಕ್ಕೆ.

ಈಗ ನಿಮ್ಮ ಪ್ಲಾನ್‌ಗೆ ಬರೋಣ. ಗೋವಾದಲ್ಲಿ ಸಿಗುತ್ತದಾ? ಕದ್ದುಮುಚ್ಚಿ ಸಿಗುತ್ತದೆ. ಮೆನು ಕಾರ್ಡಿನಲ್ಲಿ ಇರುವುದಿಲ್ಲ. 'ಜಂಪಿಂಗ್ ಚಿಕನ್' ಅಂತ ಕೇಳಬೇಕು, ವೇಟರ್ ಅತ್ತಿತ್ತ ನೋಡಿ ಹೂಂ ಅಂತಾನೆ ಅಂತ ಹೋಗಿ ಬಂದವರು ಹೇಳುತ್ತಾರೆ. ಈ ಕಪ್ಪೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿದೆ. ಹಿಡಿಯುವವನು, ಮಾರುವವನು ಮಾತ್ರ ಸಿಕ್ಕಿಬೀಳುತ್ತಾನೆ, ನಾವು ಗಿರಾಕಿ, ನಮಗೇನು ಅಂದುಕೊಳ್ಳಬೇಡಿ. ಕೊಳ್ಳುವುದೂ ಅಪರಾಧವೇ. ಮೂರು ವರ್ಷದವರೆಗೆ ಜೈಲು ಇದೆ. ದಂಡ ಮೊದಲು 25,000 ರೂಪಾಯಿವರೆಗೆ ಇತ್ತು, 2022ರ ತಿದ್ದುಪಡಿಯಲ್ಲಿ 1 ಲಕ್ಷದವರೆಗೆ ಏರಿಸಿದ್ದಾರೆ. ಮಳೆ ಶುರುವಾದರೆ ಸಾಕು, ಅಲ್ಲಿಯ ಅರಣ್ಯ ಇಲಾಖೆಯವರು ಇದಕ್ಕೇ ಅಂತ ರಾತ್ರಿ ಗಸ್ತು ಹಾಕುತ್ತಾರೆ. ಘಾಟಿನ ಈಚೆ ನಮ್ಮ ಖಾನಾಪುರದಲ್ಲೂ ಇದೇ ಕಾಯ್ದೆ, ಅದು ನೆನಪಿರಲಿ. ಬೆಣ್ಣೆ ಹಚ್ಚಿದರೆ ಮಾತ್ರ ರುಚಿ ಬರುವ ಮಾಂಸಕ್ಕೆ ಕೋರ್ಟ್ ಅಲೆಯುವುದು ಯಾರಿಗೆ ಬೇಕು?

ಇನ್ನೊಂದು ಮಾತು, ಯಾರೂ ಹೇಳುವುದಿಲ್ಲ. ಗದ್ದೆ ಕಪ್ಪೆ ತಿನ್ನುವುದು ಗದ್ದೆಯ ಹುಳ. ಆ ಹುಳಕ್ಕೆ ನಾವು ಹೊಡೆದಿರುವುದು ಔಷಧಿ. ಲೆಕ್ಕ ನೀವೇ ಹಾಕಿ.

ತಿನ್ನುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಾಗಾಲ್ಯಾಂಡ್, ಸಿಕ್ಕಿಂ ಕಡೆ ಎಷ್ಟೋ ಜನರ ಊಟದಲ್ಲಿ ಕಪ್ಪೆ ಮೊದಲಿಂದಲೂ ಇದೆ. ನಮ್ಮ ಕಡೆ ಮಳೆ ಬರಲಿಲ್ಲ ಅಂತ ಕಪ್ಪೆಗೆ ಮದುವೆ ಮಾಡುತ್ತೇವೆ, ಅವರ ಕಡೆ ಸಾರು ಮಾಡುತ್ತಾರೆ. ಅದಕ್ಕೆ ಮೂಗು ಮುರಿಯುವವರನ್ನು ಕಂಡರೆ ನನಗೆ ಆಗಲ್ಲ. ನಿಜ ಹೇಳಬೇಕೆಂದರೆ ಫ್ರಾನ್ಸಿನಲ್ಲೂ ಎಲ್ಲರೂ ತಿನ್ನಲ್ಲ. ಆ ಹಿರಿಯರ ಮಗಳು ಇಪ್ಪತ್ತರ ಹುಡುಗಿ, ನಮ್ಮ ಜೊತೆಗೇ ಕೂತು ಆಲೂಗಡ್ಡೆ ತಿಂದಳು. ಕಪ್ಪೆ ಬಾಣಲೆ ಕಡೆ ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಏನಂತಾರೆ? ನಾನು ಫೋಟೋ ತೋರಿಸಿದಾಗ ಅವ್ವ ಹಣೆ ಹಣೆ ಬಡಿದುಕೊಂಡಳು. "ಕಪ್ಪಿ ತಿಂದ ಬಾಯಿಲೆ ನನ್ನ ಜೋಡಿ ಮಾತಾಡಬ್ಯಾಡ" ಅಂದಳು. ಅಪ್ಪ ಮಾತ್ರ ಪೇಪರ್ ಕೆಳಗಿಟ್ಟು, "ಖಾರ ಹಾಕಿದ್ರೇನು?" ಅಂತ ಕೇಳಿದರು. ಇಲ್ಲ ಅಂದೆ. "ಹಂಗಾದ್ರ ಏನ್ ತಿಂದಿ ಬಿಡು" ಅಂತ ಮತ್ತೆ ಪೇಪರ್ ಎತ್ತಿಕೊಂಡರು. ನಿಮ್ಮ ಮನೆಯಲ್ಲೂ ಇದರ ಆಚೆ ಈಚೆ ಏನಾದರೂ ಆಗುತ್ತದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ತಿನ್ನಲೇಬೇಕು ಅಂತ ಇದ್ದರೆ ಸಿಂಗಾಪುರಕ್ಕೆ ಹೋದಾಗ ತಿನ್ನಿ. ಅಲ್ಲಿ ಗೇಲಾಂಗ್ ಅನ್ನುವ ಏರಿಯಾದಲ್ಲಿ ಮಣ್ಣಿನ ಪಾತ್ರೆಯಲ್ಲಿ ಒಣಮೆಣಸಿನಕಾಯಿ ಹಾಕಿ ಕಪ್ಪೆ ಮಾಡಿಕೊಡುತ್ತಾರೆ, ಪಕ್ಕಕ್ಕೆ ಅಕ್ಕಿ ಗಂಜಿ. ಅಲ್ಲಿ ಬಳಸುವುದು ಸಾಮಾನ್ಯವಾಗಿ ಫಾರ್ಮ್‌ನಲ್ಲಿ ಸಾಕಿದ ಕಪ್ಪೆ. ನಮ್ಮ ನಾಲಿಗೆಗೆ ಫ್ರೆಂಚರ ಬೆಣ್ಣೆಗಿಂತ ಅದೇ ಹಿಡಿಸುತ್ತದೆ ಅಂತ ತಿಂದು ಬಂದ ಗೆಳೆಯನೊಬ್ಬ ಹೇಳುತ್ತಾನೆ.

ಗೋವಾಕ್ಕೆ ಹೋಗುವುದು ಬಿಡಬೇಡಿ, ಮಳೆಯಲ್ಲಿ ಆ ದಾರಿ ಬಹಳ ಚೆನ್ನಾಗಿರುತ್ತದೆ. ಚಿಕನ್ ಶಾಕುಟಿ ತಿನ್ನಿ, ಕಾಫ್ರಿಯಲ್ ತಿನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಅಲ್ಲಿ ಸಮುದ್ರದ ಯಾಂತ್ರಿಕ ಮೀನುಗಾರಿಕೆ ಬಂದ್ ಇರುತ್ತದೆ. ಆ ಹೊತ್ತಿನಲ್ಲಿ ಸುರ್ಮಯಿ ಆರ್ಡರ್ ಮಾಡುವ ಮುಂಚೆ ತಾಜಾನಾ, ಐಸಿನದಾ ಅಂತ ಕೇಳಿಕೊಳ್ಳಿ.