ಬಿಲ್ಲಿನ ಕೊನೆಯ ಸಾಲು ಮತ್ತು ಊರಿನ ಖಜಾನೆ

ಅಮೆರಿಕದ ಒಕ್ಲಹೋಮಾ ರಾಜ್ಯದ ಸ್ಟಿಲ್‌ವಾಟರಿನಲ್ಲಿರುವ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಗಸ್ಟಿನಲ್ಲಿ ಎಂ.ಎಸ್. ಓದಲು ಬರಲಿರುವ ನೀವು, ಅಲ್ಲಿನ ಹಿರಿಯ ವಿದ್ಯಾರ್ಥಿಗಳು ಕಳಿಸಿದ ಅಂಗಡಿ ಬಿಲ್ಲುಗಳನ್ನು ನೋಡಿ ಕೇಳಿದ್ದೀರಿ: ಅಷ್ಟು ಚಿಕ್ಕ ಊರಿನಲ್ಲಿ ಮಾರಾಟ ತೆರಿಗೆ ಶೇ. 9ನ್ನು ದಾಟುವುದೇಕೆ, ಒರೆಗಾನ್‌ನಲ್ಲಿರುವ ನಿಮ್ಮ ಗೆಳೆಯನಿಗೆ ಅದು ಒಂದು ಸೆಂಟೂ ಇಲ್ಲದಿರುವುದೇಕೆ, ಮತ್ತು ತಿಂಗಳ ಖರ್ಚಿನ ಅಂದಾಜಿಗೆ ಎಲ್ಲದರ ಮೇಲೂ ಶೇ. 9 ಸೇರಿಸಬೇಕೇ. ಕೊನೆಯ ಪ್ರಶ್ನೆಗೆ ಉತ್ತರ ಸುಲಭ, ಸೇರಿಸಬೇಕಾಗಿಲ್ಲ. ಆದರೆ ಮೊದಲ ಪ್ರಶ್ನೆಗೆ ಉತ್ತರಿಸಬೇಕಾದರೆ ನಾನು ಬಹುಕಾಲದಿಂದ ನೆಲೆಸಿರುವ ಈ ರಾಜ್ಯದಲ್ಲಿ ಊರುಗಳು ಯಾವುದರಿಂದ ಹೊಟ್ಟೆ ಹೊರೆಯುತ್ತವೆ ಎಂಬುದನ್ನೇ ಹೇಳಬೇಕಾಗುತ್ತದೆ.

ನಮ್ಮಲ್ಲಿ ಪೊಟ್ಟಣದ ಮೇಲೆ ಅಚ್ಚಾದ ಎಂಆರ್‌ಪಿಯೊಳಗೆ ಜಿಎಸ್‌ಟಿ ಸೇರಿಯೇ ಇರುತ್ತದೆ. ಇಲ್ಲಿ ಕಪಾಟಿನ ಚೀಟಿಯಲ್ಲಿರುವುದು ತೆರಿಗೆ ಸೇರಿಸದ ಬೆಲೆ. ಇಡೀ ದೇಶಕ್ಕೆ ಒಂದೇ ಎನ್ನುವಂಥ ಮಾರಾಟ ತೆರಿಗೆ ಅಮೆರಿಕದಲ್ಲಿ ಇಲ್ಲವೇ ಇಲ್ಲ. ಪ್ರತಿ ರಾಜ್ಯವೂ ತನ್ನ ದರವನ್ನು ತಾನೇ ನಿಗದಿ ಮಾಡಿಕೊಳ್ಳುತ್ತದೆ, ಮತ್ತು ಬಹಳಷ್ಟು ರಾಜ್ಯಗಳು ತಮ್ಮ ಕೆಳಗಿನ ಕೌಂಟಿಗೂ (ನಮ್ಮ ಜಿಲ್ಲೆಯಂಥದ್ದು) ನಗರಕ್ಕೂ ಅದೇ ಬಿಲ್ಲಿನ ಮೇಲೆ ತಂತಮ್ಮ ಪಾಲನ್ನು ಕೂಡಿಸಿಕೊಳ್ಳಲು ಬಿಟ್ಟಿವೆ. ಸ್ಟಿಲ್‌ವಾಟರಿನಲ್ಲಿ ನೂರು ಡಾಲರಿನ ಪಾತ್ರೆ ಕೊಂಡರೆ ನಾಲ್ಕೂವರೆ ಡಾಲರ್ ರಾಜ್ಯಕ್ಕೆ, ಸುಮಾರು ನಾಲ್ಕು ಡಾಲರ್ ನಗರಕ್ಕೆ, ಒಂದು ಡಾಲರಿಗೂ ಕಡಿಮೆ ಕೌಂಟಿಗೆ ಹೋಗುತ್ತದೆ. ಹೆಚ್ಚುಕಡಿಮೆ ರಾಜ್ಯಕ್ಕೆ ಸಲ್ಲುವಷ್ಟೇ ಹಣ ಒಂದು ಸಣ್ಣ ಊರಿಗೂ ಸಲ್ಲುತ್ತದೆ ಎಂಬುದನ್ನು ಗಮನಿಸಿ, ಏಕೆಂದರೆ ವಿಷಯದ ತಿರುಳು ಅಲ್ಲಿಯೇ ಇದೆ.

ಕರ್ನಾಟಕದ ಒಂದು ಪುರಸಭೆಯ ಆದಾಯ ಎಂದರೆ ಮನೆ ಕಂದಾಯ, ನೀರಿನ ಶುಲ್ಕ ಮತ್ತು ರಾಜ್ಯ ಸರ್ಕಾರದ ಅನುದಾನ ನಮ್ಮ ನೆನಪಿಗೆ ಬರುತ್ತವೆ. ಊರಿಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ 1979ರಲ್ಲೇ ರದ್ದಾಗಿ, ವ್ಯಾಪಾರದಿಂದ ನೇರವಾಗಿ ಊರಿಗೆ ಹಣ ಬರುವ ದಾರಿ ನಮ್ಮಲ್ಲಿ ಮುಚ್ಚಿಹೋಯಿತು. ಒಕ್ಲಹೋಮಾದಲ್ಲಿ ಇದು ತಲೆಕೆಳಗಾಗಿದೆ. ಇಲ್ಲಿಯೂ ಮನೆಗೆ, ಜಮೀನಿಗೆ ಆಸ್ತಿ ತೆರಿಗೆ ಇದೆ, ಆದರೆ ಅದು ಮುಖ್ಯವಾಗಿ ಶಾಲೆಗಳಿಗೂ ಕೌಂಟಿಗೂ ಹೋಗುತ್ತದೆ. ಮತದಾರರು ಒಪ್ಪಿದ ಸಾಲಪತ್ರಗಳನ್ನು ತೀರಿಸಲು ಮತ್ತು ನ್ಯಾಯಾಲಯ ವಿಧಿಸಿದ ಪರಿಹಾರ ಕಟ್ಟಲು ನಗರವು ಅದನ್ನು ಬಳಸಬಹುದೇ ಹೊರತು, ಪೊಲೀಸರ ಸಂಬಳಕ್ಕೋ ಅಗ್ನಿಶಾಮಕ ವಾಹನದ ಡೀಸೆಲ್ಲಿಗೋ ಮುಟ್ಟುವಂತಿಲ್ಲ. ಬೇರೆ ರಾಜ್ಯಗಳ ನಗರಗಳಿಗೆ ಇಷ್ಟು ಬಿಗಿಯಾದ ಕಟ್ಟುಪಾಡು ಅಪರೂಪ. 1965ರಲ್ಲಿ ಶಾಸನಸಭೆ ನಗರಗಳಿಗೆ ಮಾರಾಟ ತೆರಿಗೆ ಹಾಕುವ ಅಧಿಕಾರ ಕೊಟ್ಟಿತು. ಅಂದಿನಿಂದ ದೈನಂದಿನ ಆಡಳಿತ ಅದರ ಮೇಲೆಯೇ ನಿಂತಿದೆ. ಒರೆಗಾನ್ ಅದೇ ಹಣವನ್ನು ಬೇರೆ ಜೇಬಿನಿಂದ ತೆಗೆಯುತ್ತದೆ: ಅಲ್ಲಿನ ಆದಾಯ ತೆರಿಗೆಯ ಗರಿಷ್ಠ ದರ ಶೇ. 9.9 ಇದೆ. ನಿಮ್ಮ ಗೆಳೆಯನಿಗೆ ಕೆಲಸ ಸಿಕ್ಕಿದ ಮೇಲೆ ಅವರು ನಿಮ್ಮನ್ನು ಅಷ್ಟಾಗಿ ಹೀಯಾಳಿಸಲಾರರು.

ಇದರ ಪರಿಣಾಮ ಊರಿನ ನಡವಳಿಕೆಯಲ್ಲೇ ಕಾಣುತ್ತದೆ. ಅಂಗಡಿಗಳು ಕಟ್ಟುವ ತೆರಿಗೆಯನ್ನು ರಾಜ್ಯದ ತೆರಿಗೆ ಆಯೋಗವು ಸಂಗ್ರಹಿಸಿ, ಪ್ರತಿ ತಿಂಗಳೂ ಆಯಾ ನಗರದ ಪಾಲನ್ನು ಹಿಂದಿರುಗಿಸುತ್ತದೆ. ಆ ತಿಂಗಳ ಮೊತ್ತ ಕಳೆದ ವರ್ಷಕ್ಕಿಂತ ಏರಿತೋ ಇಳಿಯಿತೋ ಎಂಬುದು ಸ್ಥಳೀಯ ಪತ್ರಿಕೆಯಲ್ಲಿ, ನಮ್ಮ ಕಡೆ ಜಲಾಶಯದ ನೀರಿನ ಮಟ್ಟದ ಹಾಗೆ, ಸುದ್ದಿಯಾಗುತ್ತದೆ. 2015–16ರಲ್ಲಿ ಕಚ್ಚಾತೈಲದ ಬೆಲೆ ಕುಸಿದಾಗ ತೈಲಬಾವಿಗಳಲ್ಲಿ ದುಡಿಯುತ್ತಿದ್ದವರು ಕೊಳ್ಳುವುದನ್ನು ನಿಲ್ಲಿಸಿದರು, ಅದರ ಬೆನ್ನಿಗೇ ನಗರಗಳು ಖಾಲಿ ಹುದ್ದೆಗಳನ್ನು ತುಂಬುವುದನ್ನು ನಿಲ್ಲಿಸಿದವು. ಸ್ಟಿಲ್‌ವಾಟರಿಗೆ ವಿಶ್ವವಿದ್ಯಾಲಯದ ಆಸರೆ ಇದೆ. ಫುಟ್‌ಬಾಲ್ ಪಂದ್ಯವಿರುವ ಶನಿವಾರಗಳಲ್ಲಿ ಬೇರೆ ಊರಿನವರು ಬಂದು ಉಂಡು, ತಂಗಿ, ಕೊಂಡು, ಈ ಊರಿನ ರಸ್ತೆಗೆ ಹಣ ಕೊಟ್ಟು ಹೋಗುತ್ತಾರೆ. ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಖಾಲಿಯಾದಾಗ ವ್ಯಾಪಾರವೂ ತಣ್ಣಗಾಗುತ್ತದೆ.

ನಿಜವಾದ ಕಷ್ಟವಿರುವುದು ದೊಡ್ಡ ಅಂಗಡಿಯಿಲ್ಲದ ಊರುಗಳಿಗೆ. ಸಾವಿರ ಜನರ ಒಂದು ಊರಿನವರು ಇಪ್ಪತ್ತು ಮೈಲಿ ಆಚೆಯ ವಾಲ್‌ಮಾರ್ಟಿನಲ್ಲಿ ವಾರದ ಸಾಮಾನು ಕೊಂಡರೆ ಆ ತೆರಿಗೆ ಆಚೆಯ ಊರಿನದಾಗುತ್ತದೆ. ಇವರ ಕೊಳಾಯಿ ಒಡೆದರೆ ಸರಿಪಡಿಸಲು ಇಲ್ಲಿನ ಪೆಟ್ರೋಲ್ ಬಂಕಿನ ತಿಂಡಿ ಅಂಗಡಿ ಮತ್ತು ಒಂದು ಡಾಲರ್ ಸ್ಟೋರು ಕೊಟ್ಟದ್ದೇ ಗತಿ. ಆದ್ದರಿಂದಲೇ ಹೊಸ ಅಂಗಡಿಯೊಂದು ನಗರದ ಗಡಿಯ ಒಳಗೆ ಬರಲಿ ಎಂದು ಊರುಗಳು ರಿಯಾಯಿತಿ ಕೊಟ್ಟು ಪೈಪೋಟಿ ನಡೆಸುತ್ತವೆ. ಕಾರ್ಖಾನೆಗಿಂತ ಅಂಗಡಿಯೇ ಹೆಚ್ಚು ಪ್ರಿಯವಾಗುವ ಈ ವ್ಯವಸ್ಥೆ ನನಗೆ ಸರಿಯೆನಿಸಿಲ್ಲ. ಆದರೂ ಈ ಕಾನೂನಿನಡಿ ಒಬ್ಬ ಮೇಯರ್ ಬೇರೇನು ಮಾಡಬಲ್ಲರು ಎಂಬುದೂ ನನಗೆ ತೋಚುವುದಿಲ್ಲ.

ತೆರಿಗೆಯ ಹಣ ಸಾಕಾಗದ ಕಡೆ ಊರುಗಳು ಹಿಡಿಯುವ ಇನ್ನೆರಡು ದಾರಿಗಳಿವೆ. ಒಂದು, ನೀರು, ಕಸ, ಕೆಲವೆಡೆ ವಿದ್ಯುತ್ತನ್ನೂ ನಗರವೇ ಮಾರುವುದು. ಸ್ಟಿಲ್‌ವಾಟರ್ ಅಂಥ ಊರು. ಅಲ್ಲಿ ಬಾಡಿಗೆ ಮನೆ ಹಿಡಿದರೆ ವಿದ್ಯುತ್ ಮತ್ತು ನೀರಿನ ಬಿಲ್ಲು ಸಾಮಾನ್ಯವಾಗಿ ನಗರದ ಹೆಸರಿನಲ್ಲೇ ಬರುತ್ತದೆ. ಹೀಗೆ ವಿದ್ಯುತ್ ಮಾರುವ ಊರುಗಳಲ್ಲಿ ಉಳಿದ ಹಣ ಸಾಮಾನ್ಯ ಖಜಾನೆಗೆ ಸೇರುವುದು ವಾಡಿಕೆ. ಎರಡನೆಯದು ಹೆದ್ದಾರಿಯ ದಂಡ. ಹಳ್ಳಿ ಬಂದೊಡನೆ ವೇಗಮಿತಿ ಗಂಟೆಗೆ 65 ಮೈಲಿಯಿಂದ 45ಕ್ಕೆ ಇಳಿಯುವ ಕಡೆ ಪೊಲೀಸ್ ಕಾರು ಕಾದಿರುವುದುಂಟು. ಇದು ಮಿತಿಮೀರಿದರೆ ಹೆದ್ದಾರಿಯಲ್ಲಿ ದಂಡ ಹಾಕುವ ಅಧಿಕಾರವನ್ನೇ ರಾಜ್ಯ ಕಿತ್ತುಕೊಳ್ಳಬಹುದು. 2014ರಲ್ಲಿ ಸ್ಟ್ರಿಂಗ್‌ಟೌನ್ ಎಂಬ ಪುಟ್ಟ ಊರಿಗೆ ಹಾಗೆಯೇ ಆಯಿತು. ಕಾರು ಕೊಂಡ ಮೇಲೆ ಫಲಕಗಳನ್ನು ನೋಡಿಕೊಂಡು ಓಡಿಸಿ.

ತೆರಿಗೆ ಏರಿಸಬೇಕಾದರೆ ನಗರಸಭೆಯ ನಿರ್ಣಯವಷ್ಟೇ ಸಾಲದು, ಜನರ ಮತ ಬೇಕು. ಇಲ್ಲಿನವರು ಡಾಲರಿಗೆ ಅರ್ಧ ಸೆಂಟು ರಸ್ತೆಗೆ, ಕಾಲು ಸೆಂಟು ಆಸ್ಪತ್ರೆಗೆ ಎಂದು ಉದ್ದೇಶ ಹಚ್ಚಿ, ಅನೇಕ ಸಲ ವರ್ಷಗಳ ಗಡುವನ್ನೂ ಹಾಕಿ ಒಪ್ಪುತ್ತಾರೆ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ರಾಜಧಾನಿ ಒಕ್ಲಹೋಮಾ ಸಿಟಿಯದು. 1993ರ ಡಿಸೆಂಬರಿನಲ್ಲಿ ಅಲ್ಲಿಯ ಮತದಾರರು ಮ್ಯಾಪ್ಸ್ ಎಂಬ ಯೋಜನೆಗೆ ಐದು ವರ್ಷಗಳ ಒಂದು ಸೆಂಟಿನ ತೆರಿಗೆಯನ್ನು ಒಪ್ಪಿ, ಪಾಳುಬಿದ್ದಿದ್ದ ಗೋದಾಮುಗಳ ಬ್ರಿಕ್‌ಟೌನ್‌ನಲ್ಲಿ ಕಾಲುವೆ, ಬೇಸ್‌ಬಾಲ್ ಮೈದಾನ, ಅದರ ಪಕ್ಕದಲ್ಲಿ ಕ್ರೀಡಾಂಗಣ, ಊರಿಗೊಂದು ಹೊಸ ಗ್ರಂಥಾಲಯವನ್ನು ಸಾಲವಿಲ್ಲದೆ ಕಟ್ಟಿಸಿಕೊಂಡರು. 2008ರಲ್ಲಿ ಥಂಡರ್ ಬಾಸ್ಕೆಟ್‌ಬಾಲ್ ತಂಡ ಬಂದು ನೆಲೆಸಿದ್ದು ಆ ಕ್ರೀಡಾಂಗಣದಲ್ಲೇ. ತಾವು ಕೊಟ್ಟ ಹಣ ಕಣ್ಣೆದುರಿಗೆ ಕಟ್ಟಡವಾಗಿ ನಿಂತದ್ದನ್ನು ಕಂಡ ಜನ ಆಮೇಲೂ ಮತ್ತೆ ಮತ್ತೆ ಒಪ್ಪಿಗೆ ಕೊಟ್ಟಿದ್ದಾರೆ. ಆದರೆ ಹೊರೆ ಸಮನಾಗಿ ಬೀಳುವುದಿಲ್ಲ. ಗಳಿಸಿದ್ದೆಲ್ಲವನ್ನೂ ಅಂಗಡಿಗೆ ಕೊಟ್ಟು ಬದುಕುವ ಕೂಲಿಕಾರನ ಆದಾಯದಲ್ಲಿ ಈ ತೆರಿಗೆಯ ಪಾಲು, ಉಳಿತಾಯ ಮಾಡಬಲ್ಲ ವೈದ್ಯರದಕ್ಕಿಂತ ಬಹಳ ದೊಡ್ಡದು. ಮತದಾನದ ಹಕ್ಕಿಲ್ಲದ ನಿಮ್ಮಂಥ ವಿದ್ಯಾರ್ಥಿಗಳೂ ಅದನ್ನು ಕೊಡಲೇಬೇಕು.

ಅಕ್ಕಿ ಬೇಳೆಯ ಮೇಲೂ ಪೂರ್ತಿ ತೆರಿಗೆ ಹಾಕುತ್ತಿದ್ದ ಕೆಲವೇ ರಾಜ್ಯಗಳಲ್ಲಿ ಒಕ್ಲಹೋಮಾ ಒಂದಾಗಿತ್ತು. 2024ರ ಆಗಸ್ಟ್ 29ರಿಂದ ದಿನಸಿಯ ಮೇಲಿನ ರಾಜ್ಯದ ನಾಲ್ಕೂವರೆ ಹೋಗಿದೆ, ನಗರ ಮತ್ತು ಕೌಂಟಿಯ ಪಾಲು ಮಾತ್ರ ಉಳಿದಿದೆ. ಹಾಗಾಗಿ ನಿಮ್ಮ ಅಂದಾಜಿನಲ್ಲಿ ಅಕ್ಕಿ, ಹಾಲು, ತರಕಾರಿಗೆ ಶೇ. 5 ಸೇರಿಸಿದರೆ ಸಾಕು. ಸಾಬೂನು, ಪಾತ್ರೆ, ಬಟ್ಟೆ, ಹೋಟೆಲಿನ ಊಟಕ್ಕೆ ಪೂರ್ತಿ ಹಿಡಿಯಿರಿ. ಹೋಟೆಲಿನಲ್ಲಿ ಟಿಪ್ಸನ್ನು ತೆರಿಗೆಗೆ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ತಪ್ಪಿಲ್ಲ. ವೈದ್ಯರು ಬರೆದುಕೊಟ್ಟ ಔಷಧಿಗೆ ತೆರಿಗೆ ಇಲ್ಲ. ಪೆಟ್ರೋಲಿನ ತೆರಿಗೆ ಬಂಕಿನ ಫಲಕದ ಬೆಲೆಯಲ್ಲೇ ಅಡಗಿದೆ. ಕಾರಿಗೆ ನಗರದ ತೆರಿಗೆ ಬೀಳದಿದ್ದರೂ, ರಾಜ್ಯಕ್ಕೆ ಶೇ. 3.25ರ ಅಬಕಾರಿ ತೆರಿಗೆ ಮತ್ತು ಶೇ. 1.25ರ ಮಾರಾಟ ತೆರಿಗೆ ಇರುವುದರಿಂದ, ಹಳೆಯ ಕಾರು ಕೊಳ್ಳುವಾಗ ಅದಕ್ಕೂ ಹಣ ತೆಗೆದಿಡಿ.

ಆನ್‌ಲೈನಿನಲ್ಲಿ ಕೊಂಡರೆ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2018ರಲ್ಲಿ ಸೌತ್ ಡಕೋಟಾ ರಾಜ್ಯ ಮತ್ತು ಆನ್‌ಲೈನ್ ಮಾರಾಟದ ಕಂಪನಿ ವೇಫೇರ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ತನ್ನಲ್ಲಿ ಮಳಿಗೆಯಿಲ್ಲದ ಕಂಪನಿಯಿಂದಲೂ ರಾಜ್ಯ ತೆರಿಗೆ ವಸೂಲು ಮಾಡಬಹುದೆಂದು ತೀರ್ಪಿತ್ತ ಮೇಲೆ ಆ ದಾರಿ ಮುಚ್ಚಿದೆ. ಪೆಟ್ಟಿಗೆ ಯಾವ ವಿಳಾಸಕ್ಕೆ ಬರುತ್ತದೋ ಆ ಊರಿನ ದರವೇ ಬೀಳುತ್ತದೆ. ಕಾನೂನುಬದ್ಧ ಉಳಿತಾಯ ವರ್ಷಕ್ಕೊಮ್ಮೆ ಸಿಗುತ್ತದೆ: ಆಗಸ್ಟಿನ ಮೊದಲ ಶುಕ್ರವಾರದಿಂದ ಭಾನುವಾರದವರೆಗೆ, ಒಂದೊಂದಕ್ಕೆ 100 ಡಾಲರಿಗಿಂತ ಕಡಿಮೆ ಬೆಲೆಯ ಬಟ್ಟೆ ಮತ್ತು ಪಾದರಕ್ಷೆಗೆ ರಾಜ್ಯದ್ದಾಗಲಿ ನಗರದ್ದಾಗಲಿ ತೆರಿಗೆ ಇರುವುದಿಲ್ಲ. ಅಷ್ಟರೊಳಗೆ ಬಂದು ತಲುಪುವಿರಾದರೆ ಚಳಿಗಾಲದ ಜಾಕೆಟನ್ನು ಊರಿನಿಂದ ಹೊತ್ತು ತರಬೇಡಿ, ಆ ಮೂರು ದಿನಗಳಲ್ಲಿ ಇಲ್ಲಿಯೇ ಕೊಳ್ಳಿ.