ನಲ್ಲಿ ರಿಪೇರಿಗೆ 1500 ಕಿಲೋಮೀಟರ್

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸಣ್ಣ ಸಿವಿಲ್ ಕಂಪನಿ ನಡೆಸುವ ಓದುಗರೊಬ್ಬರು ಸಿಟ್ಟಿನಲ್ಲೇ ಪತ್ರ ಬರೆದಿದ್ದಾರೆ. ಸರ್ಕಾರಿ ಕಟ್ಟಡವೊಂದರ ದುರಸ್ತಿ ಕೆಲಸ ಇವರಿಗೆ ತಪ್ಪಿ, ಮೂಲನಿವಾಸಿಗಳನ್ನು ಮೊದಲು ಕೇಳಬೇಕು ಅನ್ನುವ ನಿಯಮದಡಿ ಅವರ ಕಂಪನಿಗೆ ಹೋಯಿತಂತೆ. 'ಊರು ಬಿಟ್ಟು ಇಷ್ಟು ದೂರ ಬಂದರೂ ಇದೇ ಗೋಳಾ? ಕೆಲಸ ಬಲ್ಲವರಿಗೆ ಕೊಡಲಿ. ಆ ಜನಕ್ಕೆ ಮನೆ ಕಟ್ಟಿಸಿಕೊಟ್ಟರೂ ಒಡೆದು ಹಾಕುತ್ತಾರೆ' ಅನ್ನುತ್ತಾರೆ.

ಸ್ವಾಮಿ, ನಿದ್ದೆಗೆಟ್ಟು ಟೆಂಡರ್ ಕಾಗದ ಜೋಡಿಸಿದವರಿಗೆ ಕೆಲಸ ಕೈತಪ್ಪಿದರೆ ಹೊಟ್ಟೆ ಉರಿಯುತ್ತದೆ, ಒಪ್ಪಿದೆ. ಮೂಲನಿವಾಸಿಯೊಬ್ಬರನ್ನು ಹೆಸರಿಗೆ ಮುಂದೆ ಕೂರಿಸಿ ಹಿಂದೆ ಬೇರೆಯವರು ದುಡ್ಡೆಣಿಸುವ ಕಂಪನಿಗಳೂ ಅಲ್ಲಿವೆ. ಅದನ್ನು ಬ್ಲ್ಯಾಕ್ ಕ್ಲ್ಯಾಡಿಂಗ್ ಅನ್ನುತ್ತಾರೆ, ನಮ್ಮ ಬೇನಾಮಿಯ ತಮ್ಮ.

ಆದರೆ 'ಒಡೆದು ಹಾಕುತ್ತಾರೆ' ಅಂದಿರಲ್ಲ, ನನ್ನ ಜಗಳ ಅಲ್ಲಿ. ದಕ್ಷಿಣ ಆಸ್ಟ್ರೇಲಿಯಾದ ವಾಯುವ್ಯ ಮೂಲೆಯ ಮರುಭೂಮಿಯಲ್ಲಿ ಮೂಲನಿವಾಸಿಗಳದ್ದೇ ಆದ ನ್ಗನಂಪ ಆರೋಗ್ಯ ಮಂಡಳಿ 1985ರ ಹೊತ್ತಿಗೆ ಒಂದು ಪ್ರಶ್ನೆ ಎತ್ತಿತು. ನಮ್ಮ ಜನ ಯಾಕೆ ಕಾಯಿಲೆ ಬೀಳುತ್ತಿದ್ದಾರೆ? ಪಾಲ್ ಫೋಲೆರೋಸ್ ಎಂಬ ವಾಸ್ತುಶಿಲ್ಪಿ, ಒಬ್ಬ ವೈದ್ಯರು, ಒಬ್ಬ ಮಾನವಶಾಸ್ತ್ರಜ್ಞರು ಸೇರಿ ಮನೆಮನೆಯ ನಲ್ಲಿ, ಸಂಡಾಸು, ಸ್ವಿಚ್ಚು ತಿರುಗಿಸಿ ನೋಡಿದರು. ಮಗುವಿಗೆ ಮುಖ ತೊಳೆಯಲು ನೀರಿಲ್ಲದಿದ್ದರೆ ಟ್ರಕೋಮಾ ಅನ್ನುವ ಕಣ್ಣಿನ ಸೋಂಕು ಹೇಗೆ ಹೋಗುತ್ತದೆ ಹೇಳಿ. ಆಮೇಲೆ ದೇಶದ ಉದ್ದಗಲಕ್ಕೆ ಸಾವಿರಾರು ಮನೆ ನೋಡಿದ ಮೇಲೆ ಸಿಕ್ಕ ಲೆಕ್ಕ ಹೀಗಿದೆ. ಕೆಟ್ಟದ್ದರಲ್ಲಿ ನೂರಕ್ಕೆ ಸುಮಾರು 70 ಪಾಲು ಯಾರೂ ರಿಪೇರಿ ಮಾಡದೆ ಬಿಟ್ಟಿದ್ದು, ಸುಮಾರು 20 ಪಾಲು ಕಟ್ಟುವಾಗಲೇ ಕೆಟ್ಟ ಕೆಲಸ. ಮನೆಯವರು ಹಾಳು ಮಾಡಿದ್ದು ನೂರಕ್ಕೆ 10ಕ್ಕಿಂತ ಕಡಿಮೆ. ಆ 20 ಪಾಲನ್ನು ಕಟ್ಟಿದವರು ಲೈಸೆನ್ಸ್ ಇದ್ದ 'ಬಲ್ಲವರೇ' ಅಲ್ವಾ?

ಆ ತಂಡದ್ದು ಒಂದೇ ಹಟ. ಸುಮ್ನೆ ಸರ್ವೆ ಮಾಡಿ ಹೋಗುವಂತಿಲ್ಲ, ನೋಡಿದ ದಿನವೇ ರಿಪೇರಿ ಶುರುವಾಗಬೇಕು. ಕೆಲಸಗಾರರಲ್ಲಿ ಮುಕ್ಕಾಲು ಪಾಲು ಅದೇ ಊರಿನ ಮೂಲನಿವಾಸಿಗಳು, ಕೂಲಿ ಕೊಟ್ಟು. ದೇಶದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್‌ನ ಟಂಗೆಂಟ್ಯೆರೆ ಕನ್‌ಸ್ಟ್ರಕ್ಷನ್ಸ್ ಅನ್ನೇ ನೋಡಿ. ಊರಂಚಿನ ಮೂಲನಿವಾಸಿ ಕ್ಯಾಂಪುಗಳ ಜನ ಸೇರಿ ಕಟ್ಟಿಕೊಂಡ ಮಂಡಳಿಯದೇ ಕಂಪನಿ ಅದು. ಅಲ್ಲಿಂದ ಡಾರ್ವಿನ್ ಒಂದು ಕಡೆ 1500 ಕಿಲೋಮೀಟರ್, ಅಡಿಲೇಡ್ ಇನ್ನೊಂದು ಕಡೆ ಹೆಚ್ಚುಕಡಿಮೆ ಅಷ್ಟೇ. ಸೋರುವ ನಲ್ಲಿಗೆ ವಾಷರ್ ಹಾಕಲು ಅಷ್ಟು ದೂರದಿಂದ ಪ್ಲಂಬರ್ ಬರುತ್ತಾನಾ? ಬಂದರೂ ಪೆಟ್ರೋಲ್ ಬಿಲ್ ಯಾರು ಕೊಡುತ್ತಾರೆ?

'ಬಲ್ಲವರಿಗೆ ಕೊಡಲಿ' ಅನ್ನುವ ಮಾತನ್ನು ಆ ಜನ ಮೊದಲೇ ಕೇಳಿದ್ದಾರೆ. ಉತ್ತರದ ದನಗಾವಲುಗಳು ನಡೆದದ್ದೇ ಅವರ ಬೆವರಿನಿಂದ, ಸಂಬಳದ ಬದಲು ಹಿಟ್ಟು, ಸಕ್ಕರೆ, ಚಹಾಪುಡಿ. 1966ರಲ್ಲಿ ವಿನ್ಸೆಂಟ್ ಲಿಂಗಿಯಾರಿ ತಮ್ಮ ಗುರಿಂಜಿ ಪಂಗಡದ ಜನರನ್ನು ಕರೆದುಕೊಂಡು ವೇವ್ ಹಿಲ್ ಅನ್ನುವ ದನಗಾವಲಿನ ಕೆಲಸ ಬಿಟ್ಟು ಎದ್ದು ಹೊರಟರು. ಅವರ ಕಂಪನಿಗಳನ್ನು ಮೊದಲು ಕೇಳಬೇಕೆಂಬ ನಿಯಮ ಬಂದದ್ದು ಎಷ್ಟು ತಡವಾಗಿ ಗೊತ್ತಾ, 2015ರಲ್ಲಿ. ಅದಕ್ಕೆ ಮುಂಚೆ, 2012-13ರಲ್ಲಿ, ಇಡೀ ಕೇಂದ್ರ ಸರ್ಕಾರ ಅವರ ಕಂಪನಿಗಳಿಗೆ ಕೊಟ್ಟ ಗುತ್ತಿಗೆ ಸುಮಾರು 62 ಲಕ್ಷ ಡಾಲರ್. 2015ರ ಆ ನಿಯಮದಲ್ಲಿ ಇದ್ದದ್ದು, 80 ಸಾವಿರದಿಂದ 2 ಲಕ್ಷ ಡಾಲರ್‌ವರೆಗಿನ ಕೆಲಸಕ್ಕೆ, ದೂರದ ಪ್ರದೇಶಗಳಲ್ಲಾದರೆ ಎಷ್ಟೇ ಮೊತ್ತದ ಕೆಲಸಕ್ಕೂ, ಅವರನ್ನು ಮೊದಲು ಕೇಳಬೇಕು ಅಂತ. ನಮ್ಮಲ್ಲೂ 1 ಕೋಟಿ ರೂಪಾಯಿವರೆಗಿನ ಕಾಮಗಾರಿಯಲ್ಲಿ ಪರಿಶಿಷ್ಟರಿಗೆ ಪಾಲು ಇಟ್ಟಾಗ ಇದೇ ಗೊಣಗಾಟ ಕೇಳಿದ್ದೆ.

ನನಗೆ ಇದೆಲ್ಲ ಯಾಕೆ ಇಷ್ಟು ಉರಿಯುತ್ತದೆ ಅಂದರೆ, ನಮ್ಮ ಬಡಾವಣೆಯ ನೀರಿನ ಟ್ಯಾಂಕ್. ಉದ್ಘಾಟನೆಗೆ ಶಾಮಿಯಾನ, ಹಾರ, ಕಪ್ಪು ಕಲ್ಲಿನ ಮೇಲೆ ಹದಿಮೂರು ಹೆಸರು. ಎರಡು ವರ್ಷಕ್ಕೆ ವಾಲ್ವ್ ಕೆಟ್ಟಿತು. ಗುತ್ತಿಗೆದಾರ ಬೇರೆ ಜಿಲ್ಲೆಯವನು, ಫೋನ್ ಎತ್ತಲಿಲ್ಲ. ಕೊನೆಗೆ ಪಕ್ಕದ ಬೀದಿಯ ಮೋಟರ್ ರಿಪೇರಿ ಹುಡುಗ ಬಂದು ಅರ್ಧ ಗಂಟೆಯಲ್ಲಿ ಸರಿಮಾಡಿದ. ಅವನ ಕೂಲಿಗೆ ಯಾವ ಲೆಕ್ಕದಲ್ಲಿ ದುಡ್ಡು ಕೊಡೋದು ಅಂತ ಕಚೇರಿಯವರು ಆರು ತಿಂಗಳು ತಲೆ ಕೆರೆದುಕೊಂಡರು!

ನೀವು ಬುದ್ಧಿವಂತರು, ಕೆಲಸ ಗೊತ್ತಿರುವವರು. ನಿಮಗೆ ತಪ್ಪಿದ ಆ ಕೆಲಸ ಪಡೆದ ಕಂಪನಿಗೆ ಒಮ್ಮೆ ಫೋನ್ ಮಾಡಿ, ನಿಮ್ಮ ಕೈಕೆಲಸ ಅವರಿಗೆ ಬೇಕಾದೀತು. ಏನಾಯಿತು ಅಂತ ಬರೆಯಿರಿ. ಬೈದರೂ ಅಚ್ಚು ಹಾಕುತ್ತೇನೆ.

— ಸಂ.